ಬಂಗುಡೆಯ ರೆಪ್ಪೆ

ನವೆಂಬರ್ 19, ಮಂಗಳವಾರ

...ಅದೂ ಸಾಲದು ಎಂಬಂತೆ ಈಗ ಗಾರೆ ಕಲಸುವ ನೀರಿಗೂ ಮೀನಿನ ವಾಸನೆ. ಬಕೆಟ್ಟನ್ನು ನಾನೇ ಎರಡು ಸಲ ತೊಳೆದಿದ್ದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಇಡೀ ದಿನ ಅಟ್ಟಣಿಗೆಯ ಮೇಲೆ ನಿಂತೆ. ಬೆವರಿಗೆ ಟವೆಲ್ ಒದ್ದೆಯಾಯಿತು, ಒದ್ದೆ ಟವೆಲ್ಲಿಗೂ ಅದೇ ವಾಸನೆ ಹಿಡಿಯಿತು. ಊಟಕ್ಕೆ ಕುಚ್ಚಲಕ್ಕಿ ಅನ್ನ. ಒಂದೊಂದು ಅಗುಳೂ ಹುಣಸೆ ಬೀಜದ ಹಾಗೆ. ರೊಟ್ಟಿ ಇಲ್ಲವೇ ಎಂದು ಕೇಳಿದ್ದಕ್ಕೆ ಕುಶಲಕ್ಕ ನೀರುದೋಸೆ ಕೊಟ್ಟರು. ಎತ್ತಿ ಹಿಡಿದರೆ ಅದರೊಳಗಿಂದ ಆಚೆಯ ರಸ್ತೆ ಕಾಣುತ್ತಿತ್ತು.

ಇದನ್ನೆಲ್ಲ ಟೈಪ್ ಮಾಡೋಣವೆಂದರೆ ಫೋನಿಗೆ ನನ್ನ ಬೆರಳಿನ ಗುರುತೇ ಸಿಗುವುದಿಲ್ಲ. ಒಂಬತ್ತು ವರ್ಷ ಸಿಮೆಂಟು ಹಿಡಿದು ಸವೆದ ಬೆರಳಿಗೆ ಗೆರೆ ಎಲ್ಲಿಂದ ಬರಬೇಕು? ಹಾಗಾಗಿ ಬಾಯಲ್ಲೇ ಹೇಳಿಡುತ್ತಿದ್ದೇನೆ. ಯಾರಿಗೂ ಕಳಿಸುವುದಿಲ್ಲ. ಮುಂದೆಂದಾದರೂ ಕೇಳಿದಾಗ ಎಲ್ಲಿದ್ದೆ ಎಂದು ನನಗೇ ತಿಳಿಯಬೇಕಲ್ಲ. ತೊಕ್ಕೊಟ್ಟು ದಾಟಿ ಕೇರಳಕ್ಕೆ ಹೋಗುವ ಹೆದ್ದಾರಿ, ಅದರ ಪಕ್ಕ ಕುಶಲಕ್ಕನ ಮೀನೂಟದ ಹೋಟೆಲು, ಹೋಟೆಲಿನ ಗೇಟಿನ ಮೇಲೆ ಇಪ್ಪತ್ತೆರಡು ಅಡಿಯ ಸಿಮೆಂಟಿನ ಬಂಗುಡೆ ಮೀನು. ಆ ಬಂಗುಡೆ ನನ್ನ ಕೆಲಸ. ನಾನು ಮಾಲತೇಶ, ಶಿಗ್ಗಾಂವಿ ಕಡೆಯವನು. ಬಸವಣ್ಣ, ಆನೆ, ನವಿಲು, ರಾಟೆ ತಿರುಗಿಸುವ ಅಜ್ಜಿ, ಇವನ್ನೆಲ್ಲ ಮಾಡಿದವನು. ಮೀನನ್ನು ತಿಂದವನೂ ಅಲ್ಲ, ಮಾಡಿದವನೂ ಅಲ್ಲ.

ಉಡುಪಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಇದ್ದೆ. ಒಂದು ಹೋಟೆಲಿನ ಛಾವಣಿಯ ಮೇಲೆ ನಿಜವಾದ ದೋಣಿ. ಇನ್ನೊಂದು ಕಡೆ ಹಳೇ ಬಸ್ಸಿನ ಸೀಟು ಕಿತ್ತು ಮೇಜು ಹಾಕಿದ್ದಾರೆ. ಮತ್ತೊಂದು ಕಡೆ ಎರಡಾಳೆತ್ತರದ ಬೊಂಡ, ಎಳನೀರಿಗೆ ಇಲ್ಲಿ ಹಾಗೆನ್ನುತ್ತಾರೆ, ಅದರೊಳಗೆ ಕುಳಿತು ಒಬ್ಬಳು ಬೊಂಡ ಮಾರುತ್ತಾಳೆ. ಹಸಿದವನು ಊಟ ನೋಡಿ ನಿಲ್ಲಬೇಕು. ಬೊಂಡದೊಳಗೆ ಹೆಂಗಸನ್ನು ನೋಡಿ ಯಾಕೆ ನಿಲ್ಲುತ್ತಾನೆ? ಇದು ನನಗೆ ಇನ್ನೂ ತಿಳಿದಿಲ್ಲ.

ಈ ತಿಂಗಳು ಮುಗಿದರೆ ಇಲ್ಲಿಂದಲೂ ಹೊರಡುವುದು. ಹದಿನಾಲ್ಕು ತಿಂಗಳಲ್ಲಿ ಇದು ಐದನೇ ಊರು.

ನವೆಂಬರ್ 21, ಗುರುವಾರ

ಇವತ್ತು ಕಣ್ಣು ಬಿಡಿಸಿದೆ.

ಮತ್ತೊಮ್ಮೆ ಹೇಳುತ್ತೇನೆ, ಇವತ್ತು ನಾನು ಕಣ್ಣು ಬಿಡಿಸಿದೆ. ಒಂದಲ್ಲ, ಎರಡು. ಒಂದು ನೇತ್ರಾವತಿ ಸೇತುವೆಯ ಕಡೆಗೆ, ಒಂದು ಕೇರಳದ ಕಡೆಗೆ.

ಫಕ್ಕೀರಪ್ಪ ಮೇಸ್ತ್ರಿಯ ಹತ್ತಿರ ಎಂಟು ವರ್ಷ ಇದ್ದೆ. ಕಾಲು ನಿನ್ನದು, ಕೋಡು ನಿನ್ನದು, ಬಾಲ ನಿನ್ನದು, ಕಣ್ಣು ಮಾತ್ರ ನನ್ನದು ಎನ್ನುತ್ತಿದ್ದರು. ಗೊಂಬೆ ಪೂರ್ತಿ ಆದ ಮೇಲೆ ಸ್ನಾನ ಮಾಡಿ ಬಂದು, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಒಬ್ಬರೇ ಕಣ್ಣು ಬಿಡಿಸುತ್ತಿದ್ದರು. ಮೇಲಿನ ರೆಪ್ಪೆ ದಪ್ಪ, ಕೆಳಗಿನದು ತೆಳು, ಎಡ ತುದಿ ಒಂದು ನೂಲು ಇಳಿದಿರಬೇಕು. ರೆಪ್ಪೆ ಇಲ್ಲದಿದ್ದರೆ ಜೀವ ಬರುವುದಿಲ್ಲ ಎನ್ನುತ್ತಿದ್ದರು. ಒಂದು ಸಲ ಕಣ್ಣು ಬಿಟ್ಟ ಮೇಲೆ ಅದಕ್ಕೆ ಉಳಿ ತಾಗಿಸುವ ಹಾಗಿಲ್ಲ. ತಾಗಿಸಿದರೆ ಮಾಡಿದವನ ಕೈ ಕೆಡುತ್ತದೆ. ತಪ್ಪಾದರೆ ಕಲಿಸಿದವನೇ ಬಂದು ತೆಗೆಯಬೇಕು.

ಕಳೆದ ವರ್ಷ ಒಂದು ಜಿಂಕೆಯ ಕಣ್ಣನ್ನಾದರೂ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಚೀಲ ಎತ್ತಿಕೊಂಡು ಬಂದೆ.

ಮೀನಿನ ಮೈಯನ್ನು ಫೋಟೋ ನೋಡಿ ಮಾಡಿದೆ. ಕುಶಲಕ್ಕನ ಮಗಳು ಯಶ್ಮಿತಾ ಕಾಲೇಜಿನಿಂದ ಪ್ರಿಂಟ್ ತಂದುಕೊಟ್ಟಿದ್ದಳು. ಆದರೆ ಅದು ಹುರಿದ ಬಂಗುಡೆಯ ಫೋಟೋ, ಕಣ್ಣಿದ್ದ ಜಾಗದಲ್ಲಿ ಮಸಾಲೆ. ಕಣ್ಣಿಗೆ ಫೋಟೋ ಯಾಕೆ? ಮೇಸ್ತ್ರಿಯ ಕೈ ನನಗೆ ಬಾಯಿಪಾಠ. ರೆಪ್ಪೆ ಇಟ್ಟೆ, ಎಡ ತುದಿ ಇಳಿಸಿದೆ, ದೂರ ನಿಂತು ನೋಡಿದೆ. ಬಂಗುಡೆ ನನ್ನನ್ನು ನೋಡಿತು.

ಮೇಸ್ತ್ರಿ ಈ ವಾರ ಮೂರು ಸಲ ಫೋನ್ ಮಾಡಿದ್ದಾರೆ. ಎತ್ತಲಿಲ್ಲ. ಬೈಸಿಕೊಳ್ಳುವುದಕ್ಕೆ ಇದು ದಿನವಲ್ಲ.

ನವೆಂಬರ್ 23, ಶನಿವಾರ

ಬಣ್ಣ ಒಣಗಿತ್ತು, ಟಾರ್ಪಾಲು ತೆಗೆದೆವು. ಕುಶಲಕ್ಕ ಮಲ್ಲಿಗೆ ಮುಡಿದು ಗೇಟಿನ ಕೆಳಗೆ ನಿಂತು, "ಲಾಯ್ಕ್ ಆಗಿದೆ ಮಾರಾಯ, ಬಾಲ ಅಂತೂ ಈಗ ಆಡಿಸ್ತದೆ ಅಂತ ಕಾಣ್ತದೆ" ಎಂದರು. ಆಮೇಲೆ ತಲೆ ಎತ್ತಿ ಕಣ್ಣು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿದರು.

ಅಷ್ಟರಲ್ಲಿ ತುಕ್ರಜ್ಜ ಬಂದರು. ಮಂಗಳೂರಿನ ಜೆಪ್ಪುವಿನವರು, ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ತುಳಿದವರು. ದಿನಾ ಹನ್ನೆರಡೂವರೆಗೆ ಸೇತುವೆ ದಾಟಿ ಬಸ್ಸಿನಲ್ಲಿ ಬಂದು, ಮೂಲೆಯ ಕುರ್ಚಿಯಲ್ಲಿ ಉಂಡು ಹೋಗುತ್ತಾರೆ. ಕುಶಲಕ್ಕನ ಅಪ್ಪ ಹೋಟೆಲು ತೆರೆದ ದಿನ ಮೊದಲ ಎಲೆಗೆ ಕುಳಿತವರು ಇವರೇ ಅಂತೆ. ದಾರಿಯಲ್ಲಿ ಹತ್ತು ಹೋಟೆಲು ಸಿಕ್ಕರೂ ಇಲ್ಲಿಗೇ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಇಲ್ಲಿ ಮೀನು ಫ್ರೆಶ್" ಎಂದಿದ್ದರು, ಅಷ್ಟೇ.

ಇವತ್ತು ಗೇಟಿನ ಹತ್ತಿರ ನಿಂತು ಮೊದಲು ತುಳುವಿನಲ್ಲಿ ಏನೋ ಹೇಳಿದರು. ಒಳಗಿದ್ದವರೆಲ್ಲ ನಕ್ಕರು. ಆಮೇಲೆ ಬೈಗುಳ ನನಗೂ ತಿಳಿಯಲೆಂದು ಕನ್ನಡಕ್ಕೆ ಬಂದರು.

"ಇದು ಎಂತ ಮಾರಾಯ? ಮೀನಿಗೆ ರೆಪ್ಪೆ ಉಂಟಾ? ನಿನ್ನ ಊರಲ್ಲಿ ಮೀನು ಕಣ್ಣು ಮುಚ್ಚಿ ಮಲಗ್ತದಾ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಜಿಂಕೆಗಿದೆ, ಆನೆಗಿದೆ, ಕೋಳಿಗೂ ಇದೆ. ಮೀನಿಗೆ ಮಾತ್ರ ಇಲ್ಲ ಎಂದು ಯಾರು ಹೇಳಿದ್ದರು?

"ಮೀನು ತಗೊಳ್ಳುವಾಗ ಮೊದ್ಲು ನೋಡುದೇ ಕಣ್ಣು. ಕಣ್ಣು ಒಳಗೆ ಹೋಗಿ ಮಬ್ಬಾಗಿದ್ರೆ ಅದು ನಿನ್ನೆದಲ್ಲ, ಮೊನ್ನೆದು. ಅಂಥದ್ದನ್ನು ಇಪ್ಪತ್ತೆರಡು ಅಡಿ ಮಾಡಿ ಗೇಟಿಗೆ ಹಾಕಿದ್ದೀರಲ್ಲ ಕುಶಲಾ! ನಿನ್ನ ಅಪ್ಪ ನೋಡ್ಬೇಕಿತ್ತು."

"ಅವನಿಗೆ ಗೊತ್ತಾಗ್ಲಿಲ್ಲ ತುಕ್ರಣ್ಣ, ಘಟ್ಟದ ಮೇಲಿನವ. ಬನ್ನಿ, ಊಟ ಮಾಡಿ. ಕಾಣೆ ಮೀನು ಉಂಟು ಇವತ್ತು."

"ಹಳಸಿದ ಮೀನಿನ ಬಾಯಿ ಕೆಳಗೆ ನುಗ್ಗಿ ಬಂದು ಊಟ ಮಾಡುದಾ? ನನ್ನಿಂದ ಆಗ್ಲಿಕ್ಕಿಲ್ಲ."

ಹೋದರು. ಉಣ್ಣದೇ ಹೋದರು. ಕುಶಲಕ್ಕ ಕಾಣೆಮೀನಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ನವೆಂಬರ್ 26, ಮಂಗಳವಾರ

ಯಶ್ಮಿತಾ ಒಂದು ರೀಲ್ ಮಾಡಿ ಹಾಕಿದಳು. ಹೆಸರು "ತೊಕ್ಕೊಟ್ಟಿನ ನಿದ್ದೆ ಬಂಗುಡೆ". ಬಂಗುಡೆಯ ಕಣ್ಣು ತೋರಿಸಿ ಹಿಂದಿನಿಂದ ಗೊರಕೆಯ ಸದ್ದು. ಗೊರಕೆ ನನ್ನದೇ. ಮಧ್ಯಾಹ್ನ ಮಲಗಿದ್ದಾಗ ರೆಕಾರ್ಡ್ ಮಾಡಿದ್ದಾಳೆ.

"ಅಣ್ಣ, ಎರಡು ಲಕ್ಷ ಜನ ನೋಡಿಯಾಯ್ತು ಗೊತ್ತುಂಟಾ? ನಿಮ್ಮ ಗೊರಕೆ ಫೇಮಸ್."

ಬೆಳಿಗ್ಗೆಯಿಂದ ಕಾರುಗಳು ನಿಲ್ಲುತ್ತಲೇ ಇವೆ.

ಡಿಸೆಂಬರ್ 1, ಭಾನುವಾರ

ಇವತ್ತು ಇಡೀ ದಿನ ಗೇಟಿನ ಹತ್ತಿರ ಕುಳಿತು, ನಿಂತವರನ್ನೆಲ್ಲ ಕೇಳಿದೆ: ಯಾಕೆ ನಿಲ್ಲಿಸಿದಿರಿ?

ಕೊಲ್ಹಾಪುರದ ಗಂಡ ಹೆಂಡತಿ, "ಮಗು ಅಳುತ್ತಿತ್ತು, ಇದನ್ನು ನೋಡಿ ಸುಮ್ಮನಾಯಿತು" ಎಂದರು. ಬೈಕಿನ ಮೇಲೆ ಗೋವಾಕ್ಕೆ ಹೊರಟವರಿಗೆ ಕಾರಣವೇ ಬೇಡ. ಒಬ್ಬ ಮೀನಿನ ಹಾಗೆ ಕಣ್ಣು ಅರೆ ಮುಚ್ಚಿದ, ಇನ್ನೊಬ್ಬ ಫೋಟೋ ಹೊಡೆದ, ಹೋದರು. ಒಬ್ಬ ಲಾರಿ ಡ್ರೈವರು ಹೇಳಿದ್ದು ನಿಜ ಅನ್ನಿಸಿತು. "ಆರು ಗಂಟೆಯಿಂದ ಒಂದೇ ರಸ್ತೆ, ಒಂದೇ ಬಿಳಿ ಗೆರೆ. ನನ್ನ ಹಾಗೆ ನಿದ್ದೆಗೆಟ್ಟ ಒಬ್ಬ ಸಿಕ್ಕಿದನಲ್ಲ ಅಂತ ಬ್ರೇಕ್ ಹಾಕಿದೆ." ಕಣ್ಣೂರಿನ ಒಬ್ಬ ಅಜ್ಜಿ ಬಹಳ ಹೊತ್ತು ಬಂಗುಡೆಯನ್ನೇ ನೋಡಿದರು. ಅವರ ಮೊಮ್ಮಗ ಕನ್ನಡದಲ್ಲಿ ಹೇಳಿದ: "ಇದು ನಿದ್ದೆ ಅಲ್ಲವಂತೆ. ಯಾರನ್ನೋ ಕಾದು ಕಾದು ತೂಕಡಿಸಿದ್ದಂತೆ."

ಎಲ್ಲರೂ ಫೋಟೋ ತೆಗೆಯುತ್ತಾರೆ, ಚಹಾ ಕುಡಿಯುತ್ತಾರೆ. ಊಟಕ್ಕೆ ಕೂರುವವರು ಕಡಿಮೆ. ಒಬ್ಬಳು ಮೆನು ನೋಡುತ್ತಾ ಗಂಡನಿಗೆ, "ಮೀನು ಬೇಡ, ಮೊಟ್ಟೆ ಹೇಳಿ. ಹೊರಗಿನದ್ದನ್ನು ನೋಡಿದಿರಲ್ಲ" ಎಂದು ನಕ್ಕಳು. ತಮಾಷೆಗೇ ಹೇಳಿದ್ದು. ಆದರೆ ನೀರು ಇಡಲು ಹೋಗಿದ್ದ ಕುಶಲಕ್ಕ ಕೇಳಿಸಿಕೊಂಡರು.

ಸಂಜೆ ನನ್ನನ್ನು ಕರೆದರು. ಮೂಲೆಯ ಕುರ್ಚಿ ತೋರಿಸಿದರು. ಎಂಟು ದಿನದಿಂದ ಖಾಲಿ. ಎಷ್ಟು ಗಿರಾಕಿ ಬಂದರೂ ಅದರ ಮೇಲೆ ಯಾರನ್ನೂ ಕೂರಿಸಿಲ್ಲ.

"ನೋಡು ಮಾಲತೇಶ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಾನೇ ದೋಣಿ ಬರುವ ದಕ್ಕೆಗೆ ಹೋಗಿ ಒಂದೊಂದು ಮೀನಿನ ಕಣ್ಣು ನೋಡಿ ತರ್ತೇನೆ. ಅಪ್ಪ ಕಲಿಸಿದ್ದು ಅದೊಂದೇ. ಈಗ ಊರವರು ಎಂತ ಹೇಳ್ತಾರೆ ಗೊತ್ತುಂಟಾ? ಕುಶಲಾಳ ಹೋಟೆಲಾ, ಆ ಹಳಸಿದ ಮೀನಿನದ್ದಾ ಅಂತ. ಆ ರೆಪ್ಪೆ ತೆಗಿ."

ತೆಗೆಯಲು ಬರುವುದಿಲ್ಲ ಎಂದೆ. ಕಣ್ಣು ಬಿಟ್ಟ ಮೇಲೆ ಉಳಿ ತಾಗಿಸಬಾರದು, ಕಲಿಸಿದವರೇ ತೆಗೆಯಬೇಕು ಎಂದು ವಿವರಿಸಿದೆ.

"ಹಾಗಾದ್ರೆ ಅವರನ್ನು ಕರಿ."

ಅದೂ ಆಗುವುದಿಲ್ಲ ಎಂದೆ.

ಕುಶಲಕ್ಕ ಆ ಕುರ್ಚಿಯನ್ನು ಮೇಜಿನೊಳಗೆ ಸರಿಸಿದರು. "ಬರುವ ಭಾನುವಾರದ ಒಳಗೆ ಒಂದು ದಾರಿ ಮಾಡು. ಇಲ್ಲದಿದ್ರೆ ಬೇರೆಯವರನ್ನು ಕರೆಸಿ ತಲೆಯನ್ನೇ ಒಡೆಸ್ತೇನೆ. ಬೇಜಾರು ಮಾಡ್ಬೇಡ."

ನನ್ನ ಮೊದಲ ಕಣ್ಣು. ಅದನ್ನು ಸುತ್ತಿಗೆಯಿಂದ ಒಡೆಯುತ್ತಾರಂತೆ.

ಡಿಸೆಂಬರ್ 2, ಸೋಮವಾರ

ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡೆ. ತೊಕ್ಕೊಟ್ಟಿನ ಬಸ್ ಸ್ಟಾಪಿನಲ್ಲಿ ಕುಳಿತೆ. ಊರಿನ ಕಡೆ ಹೋಗಲು ಮೊದಲು ಮಂಗಳೂರು ಬಸ್ಟ್ಯಾಂಡಿಗೆ ಹೋಗಬೇಕು. ಮೂರು ಬಸ್ಸು ಬಿಟ್ಟೆ. ನಾಲ್ಕನೆಯದಕ್ಕೆ ಹತ್ತಿದೆ, ಕಂಡಕ್ಟರ್ "ಎಲ್ಲಿಗೆ?" ಎಂದ. ಬಾಯಿಗೆ ಬಂದದ್ದು ಜೆಪ್ಪು.

ಯಾಕೆ ಬಂತೋ.

ಡಿಸೆಂಬರ್ 3, ಮಂಗಳವಾರ

ನಿನ್ನೆಯದನ್ನು ಪೂರ್ತಿ ಹೇಳಲಿಲ್ಲ. ತುಕ್ರಜ್ಜನ ಮನೆ ಹುಡುಕಲು ಕಷ್ಟವಾಗಲಿಲ್ಲ. ಹೆಂಚಿನ ಕಾರ್ಖಾನೆಯ ತುಕ್ರಣ್ಣ ಎಂದರೆ ಹಾಲಿನ ಅಂಗಡಿಯವನೇ ಕೈ ತೋರಿಸಿದ. ಅಂಗಳದಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಭುಜದ ಮೇಲಿನ ಚೀಲ ನೋಡಿ, "ಓಡಿ ಹೋಗುವವ ದಾರಿ ತಪ್ಪಿ ಬಂದದ್ದಾ?" ಎಂದರು.

ನನ್ನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದರು. ತಮ್ಮ ಬೆರಳನ್ನೂ ಪಕ್ಕದಲ್ಲಿಟ್ಟರು. ಅವರದಕ್ಕೂ ಗೆರೆ ಇಲ್ಲ. ಮಣ್ಣು ತಿಂದದ್ದು. "ರೇಷನ್ ಅಂಗಡಿ ಮಿಷನ್‌ಗೆ ನಾನು ಮನುಷ್ಯನೇ ಅಲ್ಲ" ಎಂದು ನಕ್ಕರು.

ಮೇಸ್ತ್ರಿಯ ನಿಯಮ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಇರ್ತದೆ" ಎಂದರು. "ನಮ್ಮಲ್ಲಿಯೂ ಇತ್ತು. ಮೊದಲ ಒಲೆಯ ಹೆಂಚನ್ನು ಮಾರುವ ಹಾಗಿರಲಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ದಕ್ಕೆಗೆ ಬಾ. ಕಣ್ಣು ಮಾಡಿದವ ಒಮ್ಮೆ ಕಣ್ಣು ನೋಡು."

ರಾತ್ರಿ ಚೀಲ ಹೊತ್ತು ಹೋಟೆಲಿನ ರೂಮಿಗೇ ಮರಳಿದೆ. ಇವತ್ತು ಹೋದೆ. ದೋಣಿಯಿಂದ ಬುಟ್ಟಿ ಇಳಿಯುತ್ತಿತ್ತು. ಹೆಂಗಸರು ಕೂಗುತ್ತಿದ್ದರು, ಐಸ್ ಒಡೆಯುತ್ತಿದ್ದರು, ಕಾಲ ಕೆಳಗೆಲ್ಲ ನೀರು. ಟವೆಲನ್ನು ರೂಮಿನಲ್ಲೇ ಮರೆತಿದ್ದೆ. ತುಕ್ರಜ್ಜ ಒಂದು ಬಂಗುಡೆ ಎತ್ತಿ ನನ್ನ ಅಂಗೈ ಮೇಲೆ ಇಟ್ಟರು.

ಫೋಟೋದಲ್ಲಿ ಇದು ಕಾಣುವುದೇ ಇಲ್ಲ. ಕಣ್ಣು ಗುಳಿಯೊಳಗೆ ಕುಳಿತಿಲ್ಲ, ಹೊರಗೆ ಉಬ್ಬಿ ನಿಂತಿದೆ. ಮಳೆ ಹನಿ ಎಲೆಯ ಮೇಲೆ ನಿಲ್ಲುತ್ತದಲ್ಲ ಹಾಗೆ. ನಡುವೆ ಕಪ್ಪು, ಸುತ್ತ ಬೆಳ್ಳಿಯ ಬಳೆ, ಮೇಲೆ ಗಾಜಿನ ಹಾಗೆ ತೆಳು ಪೊರೆ. ಯಾರನ್ನೂ ನೋಡುತ್ತಿಲ್ಲ, ಆದರೂ ಎಲ್ಲವನ್ನೂ ನೋಡುತ್ತಿದೆ. ಇಂಥ ಕಣ್ಣನ್ನು ನಾನು ಯಾವ ಗೊಂಬೆಯಲ್ಲೂ ಕಂಡಿಲ್ಲ, ಮೇಸ್ತ್ರಿಯ ಗೊಂಬೆಯಲ್ಲೂ ಇಲ್ಲ.

"ಈಗ ಇದು." ಇನ್ನೊಂದು ಕೊಟ್ಟರು. ಮಬ್ಬು, ಒಳಗೆ ಸರಿದಿದೆ.

"ಮೊನ್ನೆದು" ಎಂದೆ.

ಪಕ್ಕದಲ್ಲಿದ್ದ ಮೀನಿನ ಹೆಂಗಸು ಸೊಂಟಕ್ಕೆ ಕೈ ಕೊಟ್ಟಳು. "ಮೊನ್ನೆದಾ? ನಿನ್ನೆ ಸಂಜೆದು ಮಾರಾಯ! ಯಾರು ಇವ, ತುಕ್ರಣ್ಣ? ಬೆಳಿಗ್ಗೆ ಬೆಳಿಗ್ಗೆ ವ್ಯಾಪಾರ ಕೆಡಿಸ್ಲಿಕ್ಕೆ ಕರ್ಕೊಂಡು ಬಂದದ್ದಾ?"

"ನಿದ್ದೆ ಬಂಗುಡೆ ಮಾಡಿದವ."

"ಅಯ್ಯೋ ದೇವೆರೆ, ಇವನಾ!" ಎಂದು ಅವಳು ನಕ್ಕಳು. ಅಕ್ಕಪಕ್ಕದ ಬುಟ್ಟಿಯವರೂ ನಕ್ಕರು. ಒಬ್ಬಳು ನನ್ನ ಗೊರಕೆ ಹೊಡೆದು ತೋರಿಸಿದಳು.

ವಾಪಸು ಬರುವಾಗ ತುಕ್ರಜ್ಜ ಕೇಳಿದರು. "ಉಳಿ ತಾಗಿಸ್ಬಾರ್ದು, ಸರಿ. ಸಿಮೆಂಟು ತಾಗಿಸ್ಬಾರ್ದು ಅಂತ ನಿನ್ನ ಮೇಸ್ತ್ರಿ ಹೇಳಿದ್ದಾರಾ?"

ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಬೈದ.

ತೆಗೆಯಬೇಕಾಗಿಯೇ ಇಲ್ಲ. ಹೊಸ ಮೀನಿನ ಕಣ್ಣು ಉಬ್ಬಿಕೊಂಡಿರುತ್ತದೆ. ಮೇಲೆ ತುಂಬಿಸಿದರೆ ಸಾಕು. ರೆಪ್ಪೆ ಒಳಗೇ ಉಳಿಯುತ್ತದೆ.

ಡಿಸೆಂಬರ್ 5, ಗುರುವಾರ

ತಂತಿ ಬ್ರಷ್ಷಿನಿಂದ ಬಣ್ಣ ಉಜ್ಜಿದೆ. ಬ್ರಷ್ಷು ಉಳಿಯ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅರ್ಧ ಗಂಟೆ ಯೋಚಿಸಿದೆ. ಬರುವುದಿಲ್ಲ.

ಸೇತುವೆ ಕಡೆಯ ಕಣ್ಣಿಗೆ ಮೂರು ಪದರ ಹಾಕಿದೆ. ಮೊದಲ ಪದರಕ್ಕೆ ರೆಪ್ಪೆ ಮುಚ್ಚಿತು. ಆಗ ಕೈ ಸ್ವಲ್ಪ ತಡೆಯಿತು. ಎರಡನೆಯದಕ್ಕೆ ಉಬ್ಬು ಬಂತು. ಮೂರನೆಯದನ್ನು ಕರಣೆ ಬಿಟ್ಟು ಅಂಗೈಯಿಂದಲೇ ನುಣುಪು ಮಾಡಿದೆ. ದಕ್ಕೆಯಲ್ಲಿ ಆ ಮೀನು ಇದ್ದ ಅಂಗೈ ಅದು, ಅಳತೆ ಅದರಲ್ಲೇ ಉಂಟು.

ಮೇಸ್ತ್ರಿ ಫೋನ್ ಮಾಡಿದರು. ಕೈಯೆಲ್ಲ ಸಿಮೆಂಟು. ಆಮೇಲೆ ನೋಡಿದರೆ ವಾಯ್ಸ್ ಮೆಸೇಜು ಬಂದಿದೆ. ಕೇಳಲಿಲ್ಲ.

ಡಿಸೆಂಬರ್ 7, ಶನಿವಾರ

ಬೆಳಿಗ್ಗೆ ಕುಶಲಕ್ಕನ ಜೊತೆ ದಕ್ಕೆಗೆ ಹೋಗಿದ್ದೆ, ಬೆಳ್ಳಿಯ ಬಣ್ಣ ಇನ್ನೊಮ್ಮೆ ನೋಡಿಕೊಳ್ಳಲು. ಅವರು ಚೌಕಾಸಿ ಮಾಡುವಾಗ ನಾನು ಬುಟ್ಟಿಯಿಂದ ಕಣ್ಣು ಮಬ್ಬಾದ ಎರಡು ಬಂಗುಡೆ ತೆಗೆದು ಆಚೆ ಇಟ್ಟೆ. ಕುಶಲಕ್ಕ ಆ ಎರಡನ್ನೂ ಎತ್ತಿ ನೋಡಿದರು. ಚೀಲ ಹೊರಲು ನನ್ನ ಕೈಗೆ ಕೊಟ್ಟರು. ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡೆ, ಸೌತೆಕಾಯಿ ಹುಳಿಗೆ.

ಬಣ್ಣ ಹಾಕಿ ಆಯಿತು. ಕಪ್ಪು, ಬೆಳ್ಳಿ, ಮೇಲೆ ಹೊಳೆಯುವ ವಾರ್ನಿಷು. ಯಶ್ಮಿತಾ ರಸ್ತೆಯ ಆಚೆಯಿಂದ ಕೂಗಿದಳು. "ಅಣ್ಣ, ಈಗ ಅದು ನನ್ನನ್ನು ನೋಡುದಿಲ್ಲ! ಸಮುದ್ರ ನೋಡ್ತಾ ಉಂಟು!"

ಡಿಸೆಂಬರ್ 8, ಭಾನುವಾರ

ಹನ್ನೆರಡೂವರೆಗೆ ಬಸ್ಸು ಬಂತು. ತುಕ್ರಜ್ಜ ಇಳಿದರು. ಗೇಟಿನ ಕೆಳಗೆ ನಿಂತು ತಲೆ ಎತ್ತಿದರು. ಅಲ್ಲಿ ಫೋಟೋ ತೆಗೆಯುತ್ತಿದ್ದವರನ್ನು ಕೈಯಿಂದಲೇ ಸರಿಸಿದರು. ಎಡದಿಂದ ನೋಡಿದರು, ಕೆಳಗಿನಿಂದ ನೋಡಿದರು. ಕುಶಲಕ್ಕ ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸುತ್ತಾ ನಿಂತರು. ನಾನು ಅಡುಗೆ ಮನೆಯ ಕಿಟಕಿಯ ಹಿಂದೆ ಇದ್ದೆ.

"ಇವತ್ತಿನದ್ದು" ಎಂದರು ತುಕ್ರಜ್ಜ. ಒಳಗೆ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತರು. "ಎಂತ ಉಂಟು ಕುಶಲಾ? ಹದಿನೈದು ದಿನದ ಹಸಿವು."

ಕುಶಲಕ್ಕ ಬಡಿಸುವಾಗ ಮೂಗು ಎಳೆದುಕೊಳ್ಳುತ್ತಿದ್ದರು. ಶೀತ ಇರಬೇಕು.

ಊಟದ ಮಧ್ಯೆ ತುಕ್ರಜ್ಜ ಕೇಳಿದರು. "ಆಚೆಯ ಕಣ್ಣು ಹಾಗೇ ಬಿಟ್ಟದ್ದು ಯಾಕೆ? ಕೇರಳದಿಂದ ಬರುವವರಿಗೆ ಮೊನ್ನೆದು, ನಮಗೆ ಇವತ್ತಿನದ್ದಾ?"

"ಅದು ನನ್ನ ಮೇಸ್ತ್ರಿಯ ಕಣ್ಣು ಅಜ್ಜ. ಅವರನ್ನು ಕೇಳದೆ ಮುಚ್ಚಲು ಮನಸ್ಸು ಬರುವುದಿಲ್ಲ."

"ಕೇಳು ಮತ್ತೆ!" ಎಂದರು ಕುಶಲಕ್ಕ ಒಳಗಿನಿಂದ. "ಮೂರು ವಾರದಿಂದ ಆ ಫೋನು ಬಡ್ಕೊಳ್ತಾ ಉಂಟು. ಎತ್ತಿದ್ರೆ ಎಂತ ಕಚ್ತದಾ?"

ಈಗ ಕೋಣೆಗೆ ಬಂದು ಆ ಮೆಸೇಜು ಕೇಳಿದೆ. ಎರಡು ಸಲ ಕೇಳಿದೆ. ಮೇಸ್ತ್ರಿಯ ಮಾತು ಹಾಗೆಯೇ ಇಲ್ಲಿ ಹೇಳಿಡುತ್ತೇನೆ, ಫೋನು ಹಾಳಾದರೂ ನೆನಪಿರಲಿ ಎಂದು.

"ಏ ಮಾಲ್ಯಾ, ಫೋನ್ ಯಾಕ ಎತ್ತವಲ್ಲಿ? ಹುಡುಗ್ರು ಫೋನಿನಾಗ ನಿನ್ನ ಮೀನ ತೋರಿಸಿದ್ರು. ನೋಡಿದ ಕೂಡ್ಲೆ ಗೊತ್ತಾತು. ಮೀನಕ್ಕ ರೆಪ್ಪಿ ಇಡೋ ಹುಚ್ಚ ನನ್ನ ಶಿಷ್ಯ ಒಬ್ಬಾವ ಇರಬೇಕು ಅಂದೆ. ಎಡಕ್ಕ ಒಂದ ನೂಲ ಇಳಿಸೀದಿ, ನಾ ಇಳಿಸಿದಂಗ. ಯಾವಾಗ ಕದ್ದಿ? ನಾ ಎಲ್ಲಾರ್ನೂ ದೂರ ನಿಲ್ಲಿಸ್ತಿದ್ನಲ್ಲೋ... ಇರ್ಲಿ. ಇಲ್ಲಿ ಅಂಗಳದಾಗ ಹನ್ನೊಂದು ಗೊಂಬಿ ನಿಂತಾವು, ಕಣ್ಣಿಲ್ಲದ. ನನ್ನ ಕೈ ನಡಗತೈತಿ. ಉಳದವರಿಗೆ ಕೊಡಾಕ ಮನಸ್ಸಿಲ್ಲ. ಬಾ ಅಂತ ಅನ್ನೂದಿಲ್ಲ. ಫೋನರೆ ಮಾಡು."

ಬೈಯಲು ಫೋನ್ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಮೂರು ವಾರ.

ಜಿಂಕೆ ಇನ್ನೂ ಹಾಗೆಯೇ ನಿಂತಿದೆಯಾ ಎಂದು ಕೇಳಬೇಕು. ಆಚೆಯ ಕಣ್ಣನ್ನು ಮುಚ್ಚಲೋ ಬಿಡಲೋ ಎಂದು ಕೇಳಬೇಕು. ನಾಲ್ಕು ದಿನ ಬಂದು ಹೋಗುತ್ತೇನೆ, ಹನ್ನೊಂದಕ್ಕೂ ಕಣ್ಣು ಬಿಡಿಸಿ ಆಗುತ್ತದೆ ಎಂದು ಹೇಳಬೇಕು. ನಾಲ್ಕೇ ದಿನ, ಕ್ರಿಸ್ಮಸ್ ರಜೆಗೆ ಇಲ್ಲಿ ಜನ ಜಾಸ್ತಿ ಉಂಟು. ಮೀನಿಗೆ ರೆಪ್ಪೆ ಇಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತಾ, ಅದನ್ನೂ ಕೇಳಬೇಕು.

ಮೇಸ್ತ್ರಿ ಏಳುವುದು ಆರಕ್ಕೆ. ಚಹಾ ಕುಡಿದು ಅಂಗಳಕ್ಕೆ ಬರುವಾಗ ಆರೂಮುಕ್ಕಾಲು. ನಾವು ದಕ್ಕೆಯಿಂದ ಮೀನು ತಂದಿಳಿಸುವುದೂ ಅಷ್ಟೊತ್ತಿಗೇ. ಕೈ ತೊಳೆದು, ನಾಳೆ ಬೆಳಿಗ್ಗೆ ಸರಿಯಾಗಿ ಆರೂಮುಕ್ಕಾಲಿಗೆ ನಾನೇ ಫೋನ್ ಮಾಡುತ್ತೇನೆ.